ಗಾಜಿನ ದಾರಕ್ಕೆ ವಕಾಲತ್ತು ವಹಿಸಿದವರಿಗೆ

ಪ್ರತಿ ವರ್ಷ ಜನವರಿ 14 ಮತ್ತು 15ರಂದು ಅಹಮದಾಬಾದಿನ ಆಕಾಶ ಗಾಳಿಪಟಗಳಿಂದ ತುಂಬುತ್ತದೆ. ಅದೇ ಎರಡು ದಿನ ನಗರದ ಹಕ್ಕಿ ಚಿಕಿತ್ಸಾ ಶಿಬಿರಗಳೂ ತುಂಬುತ್ತವೆ. ಮೊದಲನೆಯದು ಉತ್ತರಾಯಣದ ಹಬ್ಬ, ಎರಡನೆಯದು ಆ ಹಬ್ಬದಲ್ಲಿ ಬಳಸುವ ಮಾಂಜಾದ ಫಲ. ಗಾಳಿಪಟ ಹಾರಿಸಿ, ಗಾಜಿನ ಪುಡಿ ಮೆತ್ತಿದ ದಾರವನ್ನು ಮಾತ್ರ ಬಿಡಿ ಎಂಬುದಷ್ಟೇ ನಮ್ಮ ಬೇಡಿಕೆ. ಇಷ್ಟು ಚಿಕ್ಕ ಬೇಡಿಕೆಗೆ ಎಷ್ಟು ದೊಡ್ಡ ವಿರೋಧ ಬಂದಿದೆ ಎಂಬುದನ್ನು ನೋಡಿದರೆ ಅಚ್ಚರಿಯಾಗುತ್ತದೆ.

ನಾನಿರುವುದು ಸ್ಯಾಟಲೈಟ್ ಬಡಾವಣೆಯಲ್ಲಿ. ಇಸ್ರೋದ ಕೇಂದ್ರ ಇಲ್ಲಿ ಬಂದದ್ದರಿಂದ ಈ ಭಾಗಕ್ಕೆ ಆ ಹೆಸರು. ಇಲ್ಲಿ ನೆಲೆ ನಿಂತ ಕನ್ನಡದ ಕುಟುಂಬಗಳೂ ಸಂಕ್ರಾಂತಿಯ ದಿನ ಎಳ್ಳು ಬೀರಿ, ಆಮೇಲೆ ಅಕ್ಕಪಕ್ಕದವರ ಜೊತೆ ಟೆರೇಸ್ ಹತ್ತುತ್ತವೆ. ಹಾಗಾಗಿ ಮಾಂಜಾ ಪರವಾದ ವಾದಗಳು ನನಗೆ ಗುಜರಾತಿಯಲ್ಲೂ ಕೇಳಿಸಿವೆ, ಕನ್ನಡದಲ್ಲೂ ಕೇಳಿಸಿವೆ. ಅವನ್ನು ಅವರು ಹೇಳುವ ರೀತಿಯಲ್ಲೇ, ಅವುಗಳ ಬಲ ಕುಂದಿಸದೆ, ಒಂದೊಂದಾಗಿ ಮುಂದಿಡುತ್ತೇನೆ. ಯಾರ ಮಾತಿನಲ್ಲಿ ಹುರುಳಿದೆ ಎಂದು ಓದುಗರು ತೀರ್ಮಾನಿಸಲಿ.

ಎಲ್ಲರೂ ಮೊದಲು ಹಿಡಿಯುವ ವಾದ ಇದು: ತಪ್ಪೆಲ್ಲ ಚೀನಿ ಮಾಂಜಾದ್ದು. ನೈಲಾನ್ ದಾರ ತುಂಡಾಗುವುದಿಲ್ಲ, ಕೊಳೆಯುವುದಿಲ್ಲ, ಅದನ್ನು ನಿಷೇಧಿಸಿದ್ದು ಸರಿ. ಆದರೆ ನಮ್ಮ ಹತ್ತಿಯ ದೋರಿ ಅಜ್ಜನ ಕಾಲದ್ದು, ಅದರಿಂದ ಯಾರಿಗೂ ತೊಂದರೆಯಿಲ್ಲ.

ನೈಲಾನ್ ಹೆಚ್ಚು ಅಪಾಯಕಾರಿ ಎಂಬುದನ್ನು ಒಪ್ಪುತ್ತೇನೆ. ಚೀನಿ ಎಂದು ಕರೆಸಿಕೊಳ್ಳುವ ಆ ದಾರ ನಮ್ಮ ದೇಶದಲ್ಲೇ ತಯಾರಾಗುತ್ತದೆ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಒಂದು ವಸ್ತು ಹೆಚ್ಚು ಕೆಟ್ಟದ್ದು ಎಂದ ಮಾತ್ರಕ್ಕೆ ಇನ್ನೊಂದು ಒಳ್ಳೆಯದಾಗುವುದು ಹೇಗೆ? ಹತ್ತಿಯ ದೋರಿ ಹೇಗೆ ತಯಾರಾಗುತ್ತದೆ ಎಂಬುದನ್ನು ಅಹಮದಾಬಾದಿನ ರಸ್ತೆಬದಿಯಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು. ಚಳಿಗಾಲ ಶುರುವಾಗುತ್ತಲೇ ಉತ್ತರ ಪ್ರದೇಶದ ಕಡೆಯಿಂದ ಕಾರಿಗರರು ಬಂದು ಫುಟ್‌ಪಾತಿನ ಉದ್ದಕ್ಕೂ ಕಂಬ ನೆಡುತ್ತಾರೆ. ಕಂಬದಿಂದ ಕಂಬಕ್ಕೆ ಬಿಳಿ ನೂಲು ಎಳೆಯುತ್ತಾರೆ. ಅನ್ನದ ಗಂಜಿ, ಬಣ್ಣ, ನುಣ್ಣಗೆ ಅರೆದ ಗಾಜಿನ ಪುಡಿ ಕಲಸಿದ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ಆ ನೂಲನ್ನು ಮುದ್ದೆಯ ನಡುವೆ ಹಾಯಿಸುತ್ತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾರೆ. ಬೆರಳಿಗೆಲ್ಲ ಬಟ್ಟೆ ಅಥವಾ ಪಟ್ಟಿ ಸುತ್ತಿರುತ್ತಾರೆ, ಆದರೂ ಬೆರಳು ಸೀಳುತ್ತದೆ. ದಾರ ಒಣಗಿದ ಮೇಲೆ ಫಿರ್ಕಿಗೆ ಸುತ್ತಿ ಮಾರುತ್ತಾರೆ. ಇನ್ನು ಫಿರ್ಕಿ ಮಾರುವ ಅಂಗಡಿಗೆ ಬನ್ನಿ. ಅದೇ ಅಂಗಡಿಯಲ್ಲಿ ಗಾಳಿಪಟ ಹಾರಿಸುವವರ ಬೆರಳಿಗೆ ಸುತ್ತಲು ಟೇಪು ಮಾರುತ್ತಾರೆ, ರಬ್ಬರಿನ ಬೆರಳುಗವಸು ಮಾರುತ್ತಾರೆ. ಯಾರಿಗೂ ತೊಂದರೆಯಿಲ್ಲದ ದಾರವನ್ನು ಹಿಡಿಯಲು ಮನುಷ್ಯನ ದಪ್ಪ ಚರ್ಮಕ್ಕೆ ರಕ್ಷಣೆ ಬೇಕು ಎಂದು ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು. ಹಕ್ಕಿಯ ರೆಕ್ಕೆಯ ಚರ್ಮ ಕಾಗದಕ್ಕಿಂತ ತುಸು ದಪ್ಪ, ಅಷ್ಟೆ. ಅದಕ್ಕೆ ಮಾತ್ರ ಈ ದಾರದಿಂದ ಏನೂ ಆಗದು ಎಂದು ನಂಬಬೇಕಂತೆ.

ಇದೇ ವಾದದ ಇನ್ನೊಂದು ರೂಪ ಕಾನೂನಿನದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈ 11ರಂದು ಕೊಟ್ಟ ಆದೇಶದಲ್ಲಿ ನೈಲಾನ್ ಮತ್ತು ಸಿಂಥೆಟಿಕ್ ದಾರ, ಸಿಂಥೆಟಿಕ್ ಲೇಪನದ ದಾರ ಎಂದಿದೆ. ಹತ್ತಿ ಮತ್ತು ಗಾಜು ಎಂದಿಲ್ಲ. ಆದ್ದರಿಂದ ನಮ್ಮದು ಸಕ್ರಮ ಎನ್ನುತ್ತಾರೆ. ಆದೇಶದಲ್ಲಿ ಒಂದು ತೂತಿದ್ದರೆ ಅದು ತೂತೇ ಹೊರತು ನಿರ್ದೋಷಿ ಎಂಬ ಪ್ರಮಾಣಪತ್ರವಲ್ಲ. ಆ ತೂತನ್ನು ಮುಚ್ಚಲು ಸಾಧ್ಯ ಎಂಬುದಕ್ಕೂ ಸಾಕ್ಷಿಯಿದೆ. ದೆಹಲಿ ಸರ್ಕಾರ ಅದಕ್ಕೂ ಮುಂಚೆಯೇ, 2017ರ ಜನವರಿ 10ರ ಅಧಿಸೂಚನೆಯಲ್ಲಿ, ಗಾಜು, ಲೋಹ ಮುಂತಾದ ಹರಿತ ವಸ್ತುಗಳಿಲ್ಲದ ಬರಿಯ ಹತ್ತಿ ನೂಲಿಗೆ ಮಾತ್ರ ಅನುಮತಿ ಕೊಟ್ಟಿತು. ಕರ್ನಾಟಕವೂ ಅದೇ ದಾರಿ ಹಿಡಿದಿದೆ. ಗುಜರಾತಿನಲ್ಲೂ 2025ರ ಉತ್ತರಾಯಣಕ್ಕೆ ಮುಂಚೆ ಹೈಕೋರ್ಟಿನ ಮುಂದೆ ಗಾಜು ಲೇಪಿತ ಹತ್ತಿ ದಾರದ ಪ್ರಶ್ನೆ ಬಂತು; ನೈಲಾನಿನ ಜೊತೆಗೆ ಅದನ್ನೂ ತಡೆಯಬೇಕೆಂದು ನ್ಯಾಯಾಲಯ ಸರ್ಕಾರಕ್ಕೆ ತಾಕೀತು ಮಾಡಿತು. ಕಾನೂನು ನಮ್ಮ ಕಡೆಗಿದೆ ಎಂದು ನಿನ್ನೆ ಹೇಳುತ್ತಿದ್ದವರು ಇವತ್ತು ಕಾನೂನು ಹಬ್ಬದಲ್ಲಿ ಮೂಗು ತೂರಿಸಬಾರದು ಎನ್ನುತ್ತಿದ್ದಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ.

ಎರಡನೆಯದು ಸಂಪ್ರದಾಯದ ವಾದ. ಉತ್ತರಾಯಣ ಗುಜರಾತಿನ ಉಸಿರು, ಮಾಂಜಾ ಇಲ್ಲದೆ ಉತ್ತರಾಯಣವಿಲ್ಲ, ನಮ್ಮ ಹಬ್ಬಗಳ ಮೇಲೆಯೇ ಏಕೆ ಕಣ್ಣು?

ಉತ್ತರಾಯಣ ಗುಜರಾತಿನ ಉಸಿರು ಎಂಬುದಕ್ಕೆ ನನ್ನ ತಕರಾರಿಲ್ಲ. ಊಂಧಿಯು, ಜಲೇಬಿ, ಚಿಕ್ಕಿ, ಪಟ ಕತ್ತರಿಸಿದಾಗ ಟೆರೇಸಿನಿಂದ ಟೆರೇಸಿಗೆ ಹಾಯುವ ‘ಕಾಯ್ ಪೊ ಛೆ’ ಕೂಗು, ಇವೆಲ್ಲ ಇಲ್ಲಿ ಬದುಕಿದ ಯಾರಿಗಾದರೂ ಇಷ್ಟವಾಗುತ್ತವೆ. ಆದರೆ ಮಾಂಜಾ ಇಲ್ಲದೆ ಉತ್ತರಾಯಣವಿಲ್ಲ ಎಂಬ ಮಾತನ್ನು ಗುಜರಾತ್ ಸರ್ಕಾರವೇ ಸುಳ್ಳಾಗಿಸಿದೆ. 1989ರಿಂದ ಅಹಮದಾಬಾದಿನಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆಯುತ್ತಿದೆ. ಈಗ ಸಾಬರಮತಿ ನದಿಯ ದಂಡೆಯಲ್ಲಿ ದೇಶವಿದೇಶದವರು ಬಂದು ಡ್ರ್ಯಾಗನ್, ತಿಮಿಂಗಿಲ, ಹುಲಿ ಎಂದು ಆನೆಗಾತ್ರದ ಗಾಳಿಪಟ ಏರಿಸುತ್ತಾರೆ. ಆ ದೊಡ್ಡ ಗಾಳಿಪಟಗಳಿಗೆ ಗಾಜಿನ ದಾರ ಬೇಕಾಗಿಲ್ಲ, ಯಾರ ದಾರವನ್ನೂ ಕತ್ತರಿಸುವುದು ಅವುಗಳ ಉದ್ದೇಶವಲ್ಲ. ಗುಜರಾತಿನ ಸಂಸ್ಕೃತಿ ಎಂದು ಜಗತ್ತಿಗೆ ತೋರಿಸುವ ಜಾಹೀರಾತಿನಲ್ಲಿ ಬರುವುದು ಈ ಗಾಳಿಪಟಗಳು. ಪ್ರವಾಸಿಗರಿಗೆ ತೋರಿಸುವಾಗ ಗಾಜಿಲ್ಲದ ಉತ್ತರಾಯಣ ಪೂರ್ಣ, ಮನೆ ಟೆರೇಸಿನಲ್ಲಿ ಮಾತ್ರ ಅಪೂರ್ಣ ಎಂಬುದು ಎಂಥ ನ್ಯಾಯ?

ನಮ್ಮ ಹಬ್ಬವೇ ಏಕೆ ಎಂಬ ದೂರಿಗೆ ಉತ್ತರ ಇನ್ನೂ ಸುಲಭ. ದೆಹಲಿಯಲ್ಲಿ ಗಾಳಿಪಟದ ಭರಾಟೆ ಇರುವುದು ಆಗಸ್ಟ್ 15ರ ಸ್ವಾತಂತ್ರ್ಯ ದಿನಕ್ಕೆ. ಅದು ಯಾವ ಧರ್ಮದ ಹಬ್ಬ? ನಮ್ಮ ಕರ್ನಾಟಕದಲ್ಲಿ ಗಾಳಿಪಟದ ಕಾಲ ಆಷಾಢ. ಆಷಾಢದ ಗಾಳಿಗೆ ಬಾಲಂಗೋಚಿ ಕಟ್ಟಿ ಹಾರಿಸಿದ ಪಟಕ್ಕೆ ಪುರೋಹಿತರೂ ಇಲ್ಲ, ಮುಹೂರ್ತವೂ ಇಲ್ಲ. ಗುಜರಾತ್, ದೆಹಲಿ, ಕರ್ನಾಟಕ, ಈ ಮೂರು ಕಡೆಯೂ ಮಾಂಜಾ ಬಂದಿದೆ, ಮೂರು ಕಡೆಯೂ ಹಕ್ಕಿಗಳ ರೆಕ್ಕೆ ಕತ್ತರಿಸಿದೆ, ಮೂರು ಕಡೆಯೂ ನಿರ್ಬಂಧ ಬಂದಿದೆ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆಗೆ ಮಾಂಜಾ ಸುತ್ತಿಕೊಂಡ ಹದ್ದುಗಳು, ಗೂಬೆಗಳು ಬರುವುದು ಯಾವುದೋ ಒಂದು ಹಬ್ಬದ ದಿನ ಮಾತ್ರವಲ್ಲ. ಪ್ರಶ್ನೆ ದಾರದ್ದು, ದೇವರದ್ದಲ್ಲ. ಸಂಪ್ರದಾಯ ಎಂದರೆ ಪ್ರಾಣಿಯ ಕಡೆ ನೋಡಲೇಬಾರದು ಎಂದು ಅರ್ಥವಲ್ಲ ಎಂಬುದಕ್ಕೆ ನಮ್ಮ ಕರಾವಳಿಯ ಕಂಬಳವನ್ನೇ ನೋಡಬಹುದು. 2017ರ ರಾಜ್ಯದ ತಿದ್ದುಪಡಿ, ಅದನ್ನು ಎತ್ತಿಹಿಡಿದ 2023ರ ಮೇ 18ರ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು, ಎರಡೂ ಕಂಬಳಕ್ಕೆ ಅವಕಾಶ ಕೊಟ್ಟವು. ಆದರೆ ಕೋಣಗಳಿಗೆ ಆಗುವ ನೋವನ್ನು ಕಡಿಮೆ ಮಾಡುವ ನಿಯಮಗಳೊಂದಿಗೆ ಕೊಟ್ಟವು. ಕಂಬಳ ನಿಂತುಹೋಗಲಿಲ್ಲ.

ಮೂರನೆಯ ವಾದವನ್ನು ಜನ ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: ಸಾಯುವುದು ಹೆಚ್ಚಾಗಿ ಪಾರಿವಾಳಗಳು, ಅವು ಹೇಗಿದ್ದರೂ ಅತಿಯಾಗಿವೆ.

ಶಿಬಿರಗಳಿಗೆ ಬರುವ ಹಕ್ಕಿಗಳಲ್ಲಿ ಪಾರಿವಾಳವೇ ಹೆಚ್ಚು ಎಂಬುದು ನಿಜ. ಆದರೆ ಇದನ್ನು ಹೇಳುವ ಊರು ಯಾವುದು ಎಂಬುದನ್ನು ನೋಡಿ. ಅಹಮದಾಬಾದಿನ ಪೋಳ್ ಎಂಬ ಹಳೆಯ ಕೇರಿ‌ಗಳಲ್ಲಿ ಹಕ್ಕಿಗಳಿಗೆ ಕಾಳು ಹಾಕಲೆಂದೇ ಕೆತ್ತನೆಯ ಚಬೂತರಗಳನ್ನು ಕಟ್ಟಿದ್ದಾರೆ. ಬೆಳಗಾದರೆ ವೃತ್ತಗಳ ಬಳಿ ಜೋಳ, ಸಜ್ಜೆಯ ಚೀಲ ಸುರಿಯುವವರಿದ್ದಾರೆ. ಅದನ್ನು ಪುಣ್ಯ ಎನ್ನುತ್ತಾರೆ. ಪಾರಿವಾಳ ಹೆಚ್ಚಿದ್ದು ಅದೇ ಕಾಳಿನಿಂದ. ಅತಿಯಾಗಿವೆ ಎನ್ನುವವರು ಕಾಳು ಹಾಕುವುದನ್ನು ನಿಲ್ಲಿಸುವ ಮಾತಾಡಲಿ, ನಾನೂ ಒಪ್ಪುತ್ತೇನೆ. ವರ್ಷವಿಡೀ ಕರೆದು ಕಾಳು ಹಾಕಿ, ಜನವರಿಯಲ್ಲಿ ಅವು ಹಾರುವ ದಾರಿಗೆ ಗಾಜು ಕಟ್ಟಿ, ಸತ್ತರೆ ಹೆಚ್ಚಾಗಿದ್ದವು ಬಿಡಿ ಎನ್ನುವುದನ್ನು ಯಾವ ಧರ್ಮಶಾಸ್ತ್ರವೂ ಒಪ್ಪದು.

ಪಾರಿವಾಳದ ಜೊತೆಗೆ ಬರುವ ಬೇರೆ ಹಕ್ಕಿಗಳ ಮಾತನ್ನು ಈ ವಾದ ಜಾಣತನದಿಂದ ಬಿಟ್ಟುಬಿಡುತ್ತದೆ. ಗಿಣಿ, ಹದ್ದು, ಗೂಬೆ, ಕರಿ ಕೆಂಬರಲು, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಎಲ್ಲವೂ ಬರುತ್ತವೆ. ಅಹಮದಾಬಾದಿನ ಒಂದು ಬದಿಗೆ ಥೋಳ್ ಕೆರೆ, ಇನ್ನೊಂದು ಬದಿಗೆ ನಳ ಸರೋವರ. ಎರಡೂ ರಾಮ್‌ಸರ್ ತಾಣಗಳು. ಚಳಿಗಾಲದಲ್ಲಿ ಕ್ರೌಂಚ, ರಾಜಹಂಸ, ಬಾತುಗಳು ಸಾವಿರಾರು ಕಿಲೋಮೀಟರ್ ಹಾರಿ ಅಲ್ಲಿಗೆ ಬರುತ್ತವೆ. ಉತ್ತರಾಯಣ ಬೀಳುವುದು ಆ ಹಕ್ಕಿಗಳು ಕೆರೆ ತುಂಬಿರುವ ಹೊತ್ತಿನಲ್ಲೇ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆಯಂಗಳದ ಮರಕ್ಕೆ ಗೂಡು ಕಟ್ಟಲು ಬಂದರೆ ಹೆರಿಗೆಗೆ ಬಂದ ಮಗಳೆಂದು ಊರವರು ಕಾಪಾಡುತ್ತಾರೆ. ಅದೇ ಜಾತಿಯ ಹಕ್ಕಿ ಇಲ್ಲಿ ರೆಕ್ಕೆ ಸೀಳಿಸಿಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ಆಸ್ಪತ್ರೆ ಸೇರುತ್ತದೆ.

ಇನ್ನು ರಣಹದ್ದು. ಬಿಳಿಬೆನ್ನಿನ ರಣಹದ್ದುಗಳು ಅಹಮದಾಬಾದ್ ನಗರದೊಳಗಿನ ದೊಡ್ಡ ಮರಗಳಲ್ಲೇ ಗೂಡು ಕಟ್ಟುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದಾಗಿ 1992ರಿಂದ 2007ರ ನಡುವೆ ದೇಶದಲ್ಲಿ ಈ ಜಾತಿಯ ಸಂಖ್ಯೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. 2006ರಲ್ಲಿ ಆ ಔಷಧಿಯ ಪಶು ಬಳಕೆಯನ್ನು ನಿಷೇಧಿಸಿದರು. ರಣಹದ್ದಿನ ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮೊಟ್ಟೆಗೆ ಕಾವು ಕೊಡುವ, ಮರಿಗೆ ಉಣಿಸುವ ಕಾಲ ಚಳಿಗಾಲ. ಜನವರಿಯಲ್ಲಿ ಒಂದು ದಾರ ಒಂದು ತಾಯಿಯ ರೆಕ್ಕೆ ಕತ್ತರಿಸಿದರೆ ಗೂಡಿನಲ್ಲಿರುವ ಮರಿಯೂ ಉಳಿಯುವುದು ಕಷ್ಟ. ಹೆಚ್ಚಾಗಿವೆ ಎಂಬ ಮಾತನ್ನು ಈ ಹಕ್ಕಿಯ ಬಗ್ಗೆ ಹೇಳುವ ಧೈರ್ಯ ಯಾರಿಗಿದೆ?

ವರ್ಷಕ್ಕೆ ಎರಡೇ ದಿನ ಎಂಬುದು ನಾಲ್ಕನೆಯದು. ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ಡಿಸೆಂಬರ್ ಕಾಲಿಡುತ್ತಲೇ ಮಕ್ಕಳು ಟೆರೇಸ್ ಹತ್ತುತ್ತಾರೆ, ಫೆಬ್ರುವರಿ ತನಕ ಇಳಿಯುವುದಿಲ್ಲ. ಕತ್ತರಿಸಿಹೋದ ದಾರ ಬೇವು, ಆಸೋಪಾಲವದ ಮರ, ವಿದ್ಯುತ್ ತಂತಿ, ಮೊಬೈಲ್ ಗೋಪುರಗಳಲ್ಲಿ ತಿಂಗಳುಗಟ್ಟಲೆ ನೇತಾಡುತ್ತದೆ. ಏಪ್ರಿಲಿನಲ್ಲಿ ಮರದ ತುದಿಗೆ ತಲೆಕೆಳಗಾಗಿ ತೂಗುವ ಹಕ್ಕಿ ಜನವರಿಯ ದಾರಕ್ಕೆ ಸಿಕ್ಕಿದ್ದು. ಗೂಡು ಕಟ್ಟುವ ಹಕ್ಕಿಗಳು ಅದೇ ದಾರವನ್ನು ಹೆಕ್ಕಿ ಗೂಡಿಗೆ ಒಯ್ಯುತ್ತವೆ. ಮರಿಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ಎರಡು ದಿನ ಎಂಬುದು ರಜೆಯ ಲೆಕ್ಕ.

ಐದನೆಯ ವಾದ ಮನುಷ್ಯರ ಬಗ್ಗೆ. ಮಾಂಜಾ ಬೈಕ್ ಸವಾರರ ಕುತ್ತಿಗೆ ಸೀಳಿದ ಪ್ರಕರಣ ಪ್ರತಿ ವರ್ಷ ನಡೆಯುತ್ತದೆ. ಸತ್ತವರಲ್ಲಿ ಮಕ್ಕಳೂ ಇದ್ದಾರೆ. ಇದಕ್ಕೆ ಬರುವ ಉತ್ತರ: ಸವಾರರು ಜಾಗ್ರತೆ ವಹಿಸಲಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಳ್ಳಲಿ, ಹ್ಯಾಂಡಲಿಗೆ ಸರಳು ಹಾಕಿಸಲಿ.

ಹಾಕಿಸಿದ್ದಾರೆ. ಜನವರಿಯಲ್ಲಿ ಶಿವರಂಜನಿ ವೃತ್ತದಲ್ಲಿ ನಿಂತರೆ ಸ್ಕೂಟರುಗಳ ಮುಂದೆ ಕಮಾನಿನ ಹಾಗೆ ಬಾಗಿಸಿದ ಕಬ್ಬಿಣದ ಸರಳು ಕಾಣುತ್ತದೆ, ಕುತ್ತಿಗೆಗೆ ಸುತ್ತಿದ ದಪ್ಪ ಮಫ್ಲರ್ ಕಾಣುತ್ತದೆ. ಸೂರತಿನಲ್ಲಿ ಇನ್ನೂ ಮುಂದೆ ಹೋಗಿ, ಉತ್ತರಾಯಣದ ದಿನಗಳಲ್ಲಿ ಮೇಲ್ಸೇತುವೆಗಳ ಮೇಲೆ ದ್ವಿಚಕ್ರ ವಾಹನಗಳ ಓಡಾಟವನ್ನೇ ಪೊಲೀಸರು ನಿರ್ಬಂಧಿಸುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಿ. ತೆರಿಗೆ ಹಣದಲ್ಲಿ ಕಟ್ಟಿದ ಸೇತುವೆಯನ್ನು ಜನರಿಗೆ ಮುಚ್ಚುವುದು ನಮಗೆ ಸಾಧ್ಯ. ಒಂದು ದಾರಕ್ಕೆ ಗಾಜು ಬಳಿಯುವುದನ್ನು ನಿಲ್ಲಿಸುವುದು ಅಸಾಧ್ಯ. ಗಾಯವಾಗುವವನು ರಕ್ಷಣೆ ಕೊಳ್ಳಬೇಕು, ಗಾಯ ಮಾಡುವ ವಸ್ತು ಮುಕ್ತವಾಗಿ ಮಾರಾಟವಾಗಬೇಕು. ಸರಿ, ಮನುಷ್ಯನಿಗೆ ಮಫ್ಲರ್ ಆಯಿತು. ಕರಿ ಕೆಂಬರಲಿಗೆ ಯಾವ ಮಫ್ಲರ್ ಕಟ್ಟೋಣ?

ಆರನೆಯದು ಹೊಟ್ಟೆಪಾಡಿನ ವಾದ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಾಳಿಪಟದ ಉದ್ಯಮದಲ್ಲಿ ಗುಜರಾತಿಗೆ ದೇಶದಲ್ಲೇ ದೊಡ್ಡ ಪಾಲಿದೆ. ಅಹಮದಾಬಾದಿನ ಜಮಾಲ್‌ಪುರ, ರಾಯಪುರದ ಗಲ್ಲಿಗಳಲ್ಲಿ ಕಾಗದ ಕತ್ತರಿಸಿ, ಬಿದಿರಿನ ಕಡ್ಡಿ ಬಾಗಿಸಿ, ಅಂಟು ಹಚ್ಚುವ ಕೆಲಸದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅವರಲ್ಲಿ ಬಹಳ ಮಂದಿ ಬಡ ಮುಸ್ಲಿಂ ಕುಟುಂಬಗಳವರು. ಮಾಂಜಾ ನಿಷೇಧಿಸಿದರೆ ಇವರ ಅನ್ನ ಹೋಗುತ್ತದೆ ಎನ್ನುತ್ತಾರೆ. ಆದರೆ ಈ ಹೆಂಗಸರು ಮಾಡುವುದು ಗಾಳಿಪಟ. ಗಾಳಿಪಟವನ್ನು ಯಾರೂ ನಿಷೇಧಿಸಿ ಎಂದಿಲ್ಲ. ಗಾಜಿಲ್ಲದ ದಾರಕ್ಕೂ ನೂಲು ಬೇಕು, ಬಣ್ಣ ಬೇಕು, ಫಿರ್ಕಿ ಬೇಕು, ಸುತ್ತುವ ಕೈ ಬೇಕು. ತಪ್ಪುವುದು ಗಾಜು ಅರೆಯುವ ಕೆಲಸ ಒಂದೇ. ಅದರ ಧೂಳನ್ನು ಉಸಿರಾಡುವವನೂ ಬೆರಳು ಸೀಳಿಸಿಕೊಳ್ಳುವವನೂ ಕಾರಿಗರನೇ. ಅವನ ಅನ್ನವನ್ನು ನಿಜವಾಗಿ ಕಿತ್ತುಕೊಂಡದ್ದು ಯಂತ್ರದಲ್ಲಿ ತಯಾರಾಗಿ ಅಗ್ಗಕ್ಕೆ ಸಿಗುವ ನೈಲಾನ್ ರೀಲು. ಅದು ಮಾರುಕಟ್ಟೆಗೆ ಬಂದಾಗ ಮಾರಾಟ ಮಾಡಿ ಲಾಭ ಎಣಿಸಿದವರೇ ಇವತ್ತು ಕಾರಿಗರನ ಹೆಸರು ಹೇಳಿಕೊಂಡು ಬರುತ್ತಿದ್ದಾರೆ.

ಏಳನೆಯದೇ ಎಲ್ಲಕ್ಕಿಂತ ಸಭ್ಯವಾದ ವಾದ, ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಮರುಳು ಮಾಡಿದ ವಾದ: ಸರ್ಕಾರವೇ ಕರುಣಾ ಅಭಿಯಾನ ನಡೆಸುತ್ತದೆ, 1962 ಎಂಬ ಸಹಾಯವಾಣಿಯಿದೆ, ನೂರಾರು ಪಶುವೈದ್ಯರು, ಸಾವಿರಾರು ಸ್ವಯಂಸೇವಕರು ಸಿದ್ಧರಿರುತ್ತಾರೆ, ಗಾಯಗೊಂಡ ಹಕ್ಕಿಗಳಲ್ಲಿ ಬಹುಪಾಲು ಉಳಿಯುತ್ತವೆ. ಇನ್ನೇನು ಬೇಕು?

ಕರುಣಾ ಅಭಿಯಾನ 2017ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದು ಒಳ್ಳೆಯ ಕೆಲಸ, ಬೇರೆ ರಾಜ್ಯಗಳು ನೋಡಿ ಕಲಿಯಬೇಕಾದ ಕೆಲಸ. ಅಹಮದಾಬಾದಿನ ಜೀವದಯಾ ಚಾರಿಟಬಲ್ ಟ್ರಸ್ಟಿನಂಥ ಸಂಸ್ಥೆಗಳು ಆ ದಿನಗಳಲ್ಲಿ ಹಗಲು ರಾತ್ರಿ ಶಸ್ತ್ರಚಿಕಿತ್ಸೆ ನಡೆಸುತ್ತವೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ವಾದದ ಟೊಳ್ಳುತನ ತಾನಾಗಿಯೇ ತಿಳಿಯುತ್ತದೆ.

ಪೆಟ್ಟಿಗೆ ತೆರೆದಾಗ ಹಕ್ಕಿ ಮೊದಲು ಅಲುಗಾಡುವುದಿಲ್ಲ, ಭಯದಿಂದ ಕಲ್ಲಾಗಿರುತ್ತದೆ. ಒಬ್ಬರು ಬಟ್ಟೆಯಲ್ಲಿ ಅದರ ತಲೆ ಮುಚ್ಚಿ ಮೈಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಇನ್ನೊಬ್ಬರು ರೆಕ್ಕೆ ಬಿಡಿಸುತ್ತಾರೆ. ದಾರವನ್ನು ಎಳೆಯಬಾರದು, ಎಳೆದರೆ ಇನ್ನೂ ಆಳಕ್ಕೆ ಕೊಯ್ಯುತ್ತದೆ. ಸಣ್ಣ ಕತ್ತರಿಯಲ್ಲಿ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ರೆಕ್ಕೆಯ ಮುಂದಿನ ಅಂಚಿನಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಒಂದು ತೆಳು ಚರ್ಮ ಚಾಚಿಕೊಂಡಿರುತ್ತದೆ. ಅದರೊಳಗೆ ನೂಲಿನಂಥ ಒಂದು ಸ್ನಾಯುರಜ್ಜು. ಹಕ್ಕಿ ರೆಕ್ಕೆ ಚಾಚಿ ಹಾರುವುದು ಅದರ ಬಲದಿಂದ. ಹಾರುತ್ತಿರುವ ಹಕ್ಕಿಗೆ ದಾರ ಮೊದಲು ತಾಗುವುದೂ ಅದೇ ಜಾಗಕ್ಕೆ. ಹಕ್ಕಿ ಬಿಡಿಸಿಕೊಳ್ಳಲು ಬಡಿದಾಡಿದಷ್ಟೂ ದಾರ ಗರಗಸವಾಗುತ್ತದೆ: ಚರ್ಮ, ರಜ್ಜು, ಆಮೇಲೆ ಮಾಂಸ, ಆಮೇಲೆ ಮೂಳೆ. ಹಕ್ಕಿಯ ಮೂಳೆ ಟೊಳ್ಳು, ಅರಿವಳಿಕೆ ಕೊಡುವುದೂ ನಾಜೂಕಿನ ಕೆಲಸ. ಚರ್ಮ ಹೊಲಿಯಬಹುದು. ರಜ್ಜು ಪೂರ್ತಿ ತುಂಡಾಗಿದ್ದರೆ ಅದು ಮತ್ತೆ ಸರಿಯಾಗಿ ಕೂಡುವುದು ಅಪರೂಪ.

ಉಳಿಯುತ್ತವೆ ಎಂಬ ಮಾತಿನಲ್ಲಿ ಬಚ್ಚಿಟ್ಟಿರುವುದು ಇದನ್ನೇ. ಉಳಿಯುವುದು ಎಂದರೆ ಉಸಿರಾಡುವುದು. ಹಾರುವುದು ಎಂದಲ್ಲ. ಹಾರಲಾರದ ಹದ್ದು ಬೇಟೆಯಾಡಲಾರದು, ಹಾರಲಾರದ ಕೊಕ್ಕರೆ ಕೆರೆಗೆ ಹೋಗಲಾರದು. ಅವು ಆಶ್ರಯಧಾಮದ ಜಾಲರಿಯೊಳಗೆ ವರ್ಷಗಟ್ಟಲೆ ಕಳೆಯುತ್ತವೆ. ಶಿಬಿರಕ್ಕೆ ತಲುಪದ ಹಕ್ಕಿಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ: ಮರದ ತುದಿಯಲ್ಲಿ ನೇತಾಡಿ ಸತ್ತವು, ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಬಿದ್ದವು, ಬೆಕ್ಕು ನಾಯಿಗಳ ಪಾಲಾದವು. ಸರ್ಕಾರ ಒಂದು ಕಡೆ ಕರುಣೆಗೆ ಹಣ ಕೊಟ್ಟು, ಇನ್ನೊಂದು ಕಡೆ ಮಾಂಜಾ ಮಾರಾಟದ ಮೇಲೆ ದಾಳಿ ಮಾಡುವುದನ್ನು ಜನವರಿಯ ಮೊದಲ ವಾರಕ್ಕೆ ಮುಂದೂಡುತ್ತದೆ. ಅಷ್ಟರಲ್ಲಿ ದಾಸ್ತಾನು ಮನೆಮನೆ ಸೇರಿರುತ್ತದೆ. ಶಿಕ್ಷೆಯ ಮಾತೂ ಹಾಗೆಯೇ. ಮಾಂಜಾ ನಿಷೇಧ ಮುರಿದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಅದರ 11ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ ದಂಡ ಈಗಲೂ 10ರಿಂದ 50 ರೂಪಾಯಿ. ಒಂದು ಫಿರ್ಕಿಯ ಬೆಲೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಚಿಕಿತ್ಸೆಯಿದೆ ಎಂಬುದು ಗಾಯ ಮಾಡಲು ಪರವಾನಗಿಯಲ್ಲ. ಇದನ್ನು ಮೊದಲು ಹೇಳುವವರು ಅದೇ ಶಿಬಿರದ ವೈದ್ಯರು. ಶಸ್ತ್ರಚಿಕಿತ್ಸೆಯ ಮೇಜಿನಲ್ಲಿ ನಿಂತವರು ಮಾಂಜಾ ನಿಲ್ಲಿಸಿ ಎನ್ನುತ್ತಾರೆ. ಟೆರೇಸಿನಲ್ಲಿ ನಿಂತವರು ವೈದ್ಯರಿದ್ದಾರಲ್ಲ ಎನ್ನುತ್ತಾರೆ.

ಎಂಟನೆಯದು ವೈಯಕ್ತಿಕ ಆಕ್ಷೇಪ. ಪ್ರಾಣಿದಯೆಯವರು ಕಪಟಿಗಳು, ಅವರಲ್ಲಿ ಎಷ್ಟೋ ಮಂದಿ ಕೋಳಿ ತಿನ್ನುತ್ತಾರೆ, ಫೋಟೊಗೋಸ್ಕರ ಹಕ್ಕಿ ಹಿಡಿಯುತ್ತಾರೆ. ಕೋಳಿ ತಿನ್ನುವವರು ಹಕ್ಕಿಯ ಮಾತು ಆಡಬಾರದು ಎಂಬುದು ನಿಯಮವಾದರೆ, ಸಸ್ಯಾಹಾರಿಗಳ ಮೇಲೆ ಮಾತಾಡುವ ಹೊಣೆ ಇನ್ನೂ ಹೆಚ್ಚು ಬೀಳುತ್ತದೆ. ಸ್ಯಾಟಲೈಟಿನಂಥ ಬಡಾವಣೆಯಲ್ಲಿ ಮೊಟ್ಟೆ ಬೇಯಿಸುವವರಿಗೂ ಮನೆ ಬಾಡಿಗೆಗೆ ಸಿಗುವುದು ಕಷ್ಟ. ಅಡುಗೆಮನೆಯಲ್ಲಿ ಜೀವದಯೆ ಇಷ್ಟು ಕಟ್ಟುನಿಟ್ಟಾಗಿರುವವರು ಟೆರೇಸಿನಲ್ಲಿ ಅದನ್ನು ಮರೆಯುವುದೇಕೆ ಎಂದು ಕೇಳಿದ್ದಕ್ಕೆ ಈ ವಾದದವರು ಉತ್ತರಿಸಿದ್ದನ್ನು ನಾನು ಕೇಳಿಲ್ಲ.

ದೆಹಲಿಯ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರ ಕಥೆ ಇಲ್ಲಿ ನೆನಪಾಗುತ್ತದೆ. ಗಾಯಗೊಂಡ ಒಂದು ಹದ್ದನ್ನು ಅವರು ಹಕ್ಕಿಗಳ ಆಸ್ಪತ್ರೆಗೆ ಒಯ್ದಾಗ, ಅದು ಮಾಂಸಾಹಾರಿ ಹಕ್ಕಿ ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಆಮೇಲೆ ಅವರು ವಜೀರಾಬಾದಿನ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಹದ್ದುಗಳಿಗೆ ಚಿಕಿತ್ಸೆ ಶುರು ಮಾಡಿದರು. ದ್ರವ ಸೋಪಿನ ಡಿಸ್ಪೆನ್ಸರ್ ತಯಾರಿಸುವ ಸಣ್ಣ ಉದ್ಯಮದ ಸಂಪಾದನೆಯಲ್ಲಿ ಅದನ್ನು ನಡೆಸಿದರು. ಅಲ್ಲಿಗೆ ಬರುವ ಹದ್ದುಗಳಲ್ಲಿ ಬಹುಪಾಲು ಮಾಂಜಾದಿಂದ ಗಾಯಗೊಂಡವು. ಅವರ ಮೇಲೆ ಶೌನಕ್ ಸೇನ್ ಮಾಡಿದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಬಂತು, ಆಸ್ಕರ್ ನಾಮನಿರ್ದೇಶನ ಪಡೆಯಿತು. ಚಿತ್ರ ಬರುವ ಎಷ್ಟೋ ವರ್ಷ ಮುಂಚಿನಿಂದ, ಯಾರೂ ಫೋಟೊ ತೆಗೆಯದ ದಿನಗಳಲ್ಲಿ, ಅವರು ಹದ್ದುಗಳ ರೆಕ್ಕೆ ಹೊಲಿಯುತ್ತಿದ್ದರು.

ಕೊನೆಯ ವಾದವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು: ಗಾಜಿಲ್ಲದಿದ್ದರೆ ಒಬ್ಬರ ದಾರವನ್ನು ಇನ್ನೊಬ್ಬರು ಕತ್ತರಿಸುವ ಪೇಚ್ ಇಲ್ಲ, ಪೇಚ್ ಇಲ್ಲದಿದ್ದರೆ ಮಜಾ ಇಲ್ಲ. ಮೇಲಿನ ಎಲ್ಲ ವಾದಗಳ ಅಡಿಯಲ್ಲಿರುವುದು ಇದೇ. ಸಂಸ್ಕೃತಿ, ಕಾನೂನು, ಕಾರಿಗರ, ಕರುಣಾ ಅಭಿಯಾನ ಎಲ್ಲ ಈ ಮಜಾಕ್ಕೆ ತೊಡಿಸಿದ ಅಂಗಿಗಳು. ಪಕ್ಕದ ಟೆರೇಸಿನ ಪಟವನ್ನು ಕತ್ತರಿಸಿ ಕೂಗುವ ಸುಖ ನಿಜವಾದದ್ದೇ. ಆ ಸುಖವನ್ನೂ ಹಕ್ಕಿಯ ರೆಕ್ಕೆಯನ್ನೂ ಎದುರುಬದುರು ಇಟ್ಟು, ನಾನು ಸುಖವನ್ನೇ ಆರಿಸಿಕೊಳ್ಳುತ್ತೇನೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಲಿ, ವಾದ ಅಲ್ಲಿಗೆ ಮುಗಿಯುತ್ತದೆ. ಹಾಗೆ ಹೇಳಲು ಯಾರೂ ಸಿದ್ಧರಿಲ್ಲ. ಅದಕ್ಕೇ ಉಳಿದ ಎಂಟು ವಾದ ಬೇಕಾಗಿವೆ. ಪಟ ಹಾರಿಸುವುದರಲ್ಲೇ ಕೌಶಲವಿದೆ ಎಂಬುದು ದೊಡ್ಡಬಳ್ಳಾಪುರದ ಗಾಳಿಪಟ ಕಲಾವಿದರಿಗೆ ಗೊತ್ತು. ಗಾಳಿಯ ಹದ, ಸೂತ್ರದ ಗಂಟು, ಬಾಲಂಗೋಚಿಯ ಉದ್ದ, ಎಳೆಯುವ ಮತ್ತು ಸಡಿಲ ಬಿಡುವ ಹೊತ್ತು, ಇವು ಯಾವುದಕ್ಕೂ ಗಾಜು ಬೇಡ.

ಸ್ಯಾಟಲೈಟಿನಲ್ಲಿರುವ, ಗುಜರಾತಿನ ಬೇರೆ ಊರುಗಳಲ್ಲಿರುವ ಕನ್ನಡದ ಮನೆಗಳಿಗೆ ನನ್ನ ಕೋರಿಕೆ ಇದು. ಬರುವ ಉತ್ತರಾಯಣಕ್ಕೆ ಅಂಗಡಿಯಲ್ಲಿ ಗಾಜಿಲ್ಲದ ಬರಿಯ ನೂಲನ್ನೇ ಕೇಳಿ. ಇಲ್ಲ ಎಂದರೆ ಫಿರ್ಕಿ ಕೊಳ್ಳದೆ ಬನ್ನಿ. ಹಕ್ಕಿಗಳು ಗೂಡು ಬಿಡುವ ಮುಂಜಾನೆ, ಗೂಡಿಗೆ ಮರಳುವ ಸಂಜೆ ಪಟ ಏರಿಸಬೇಡಿ. ಬೆಳಗಿನ 9ಕ್ಕೆ ಮುಂಚೆ, ಸಂಜೆ 5ರ ನಂತರ ಬೇಡ. ಹಬ್ಬ ಮುಗಿದ ಮರುದಿನ ಮಕ್ಕಳನ್ನು ಕರೆದುಕೊಂಡು ಟೆರೇಸ್, ಮರ, ಕಾಂಪೌಂಡಿನ ದಾರವನ್ನೆಲ್ಲ ಆಯ್ದು ತೆಗೆಯಿರಿ. ಗಾಯಗೊಂಡ ಹಕ್ಕಿ ಸಿಕ್ಕರೆ ದಾರ ಎಳೆಯಬೇಡಿ, ಬಾಯಿಗೆ ನೀರು ಹಾಕಬೇಡಿ; ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು 1962ಕ್ಕೆ ಫೋನ್ ಮಾಡಿ.